ಉದುರುವ ಎಲೆಯ ಜಮಾ-ಖರ್ಚು

ಅಕ್ಟೋಬರ್ ತಿಂಗಳ ಕೊನೆಯ ವಾರಕ್ಕೆ ಶ್ರೀನಗರದ ಚಿನಾರ್ ಮರಗಳು ಬಣ್ಣ ಬದಲಿಸತೊಡಗುತ್ತವೆ. ಅಲ್ಲಿನ ನಸೀಮ್ ಬಾಗ್ ಮೊಘಲರ ಕಾಲದಲ್ಲಿ ಬೆಳೆಸಿದ ತೋಪು. ಇಂದು ಅದು ಕಾಶ್ಮೀರ ವಿಶ್ವವಿದ್ಯಾಲಯದ ಆವರಣದಲ್ಲಿದೆ. ಬಿಚ್ಚಿದ ಅಂಗೈಯಂಥ ಅಗಲವಾದ ಎಲೆಗಳು ಮೊದಲು ಹಳದಿಯಾಗಿ, ಆಮೇಲೆ ಜೇನಿನ ಬಣ್ಣಕ್ಕೆ ತಿರುಗಿ, ಕೊನೆಗೆ ಕೆಂಡದಂತೆ ಕೆಂಪೇರುತ್ತವೆ. ಕಾಶ್ಮೀರಿಗಳು ಈ ಋತುವನ್ನು ‘ಹರುದ್’ ಎನ್ನುತ್ತಾರೆ. ಚಳಿಗಾಲ ಕಾಲಿಡುವುದರೊಳಗೆ ನೆಲದ ತುಂಬ ಎಲೆ, ಮರದ ಮೇಲೆ ಬರಿಯ ಕೊಂಬೆ.

ಇದನ್ನು ಮರದ ಮುಪ್ಪು ಎಂದೋ ಸಾವು ಎಂದೋ ತಿಳಿದರೆ ತಪ್ಪಾಗುತ್ತದೆ. ಮದುವೆಯ ಚಪ್ಪರಕ್ಕೆ ಕಟ್ಟಿದ ಮಾವಿನ ಟೊಂಗೆಯನ್ನು ನೆನಪಿಸಿಕೊಳ್ಳಿ. ವಾರ ಕಳೆದು ಎಲೆ ಗರಿಗರಿಯಾಗಿ ಒಣಗಿದರೂ ಟೊಂಗೆಯನ್ನು ಬಿಟ್ಟು ಬೀಳುವುದಿಲ್ಲ. ಎಳೆದರೆ ಹರಿಯುತ್ತದೆ, ತಾನಾಗಿ ಕಳಚುವುದಿಲ್ಲ. ಏಕೆಂದರೆ ಸತ್ತ ಟೊಂಗೆಗೆ ಎಲೆಯನ್ನು ಉದುರಿಸುವ ಶಕ್ತಿ ಇಲ್ಲ. ಎಲೆ ಉದುರಿಸುವುದು ಬದುಕಿರುವ ಮರದ ಕೆಲಸ.

ಈ ಕೆಲಸ ನಡೆಯುವ ಬಗೆ ಹೇಗೆ? ಎಲೆ ಎಂದರೆ ಮರದ ಅಡುಗೆಮನೆ. ಅಲ್ಲಿರುವ ಪತ್ರಹರಿತ್ತು ಸೂರ್ಯನ ಬೆಳಕನ್ನು ಹೀರಿ, ನೀರು ಮತ್ತು ಇಂಗಾಲದ ಡೈ ಆಕ್ಸೈಡುಗಳಿಂದ ಸಕ್ಕರೆ ತಯಾರಾಗಲು ನೆರವಾಗುತ್ತದೆ. ಕಾಶ್ಮೀರದಂಥ ಕಡೆ ಚಳಿಗಾಲದಲ್ಲಿ ಮಣ್ಣು ತಣ್ಣಗೆ ಕೊರೆಯುವಾಗ ಬೇರು ಸಾಕಷ್ಟು ನೀರು ಎಳೆಯಲಾರದು. ಅಗಲವಾದ ಎಲೆಗಳಿಂದ ಮಾತ್ರ ನೀರು ಆವಿಯಾಗುತ್ತಲೇ ಇರುತ್ತದೆ. ಆದ್ದರಿಂದ ಅಡುಗೆಮನೆಯನ್ನು ಕೆಲವು ತಿಂಗಳು ಮುಚ್ಚುವುದೇ ಲಾಭ.

ಮುಚ್ಚುವ ಕಾಲ ಬಂತೆಂದು ಮರಕ್ಕೆ ತಿಳಿಸುವುದು ಮುಖ್ಯವಾಗಿ ಹಗಲಿನ ಉದ್ದ ಮತ್ತು ಚಳಿ. ಶ್ರೀನಗರದಲ್ಲಿ ಜೂನ್ ತಿಂಗಳ ಹಗಲು 14 ಗಂಟೆಗೂ ಹೆಚ್ಚು, ಡಿಸೆಂಬರಿನ ಹಗಲು ಸುಮಾರು 10 ಗಂಟೆ. ಬೆಂಗಳೂರಿನಲ್ಲಿ ಈ ವ್ಯತ್ಯಾಸ ಒಂದೂವರೆ ಗಂಟೆ ಮಾತ್ರ. ಕರ್ನಾಟಕದಲ್ಲಿ ಶರದೃತುವಿನ ಬಣ್ಣ ಕಾಣದಿರಲು ಇದೂ ಒಂದು ಕಾರಣ. ಬಂಡೀಪುರ, ನಾಗರಹೊಳೆಗಳ ತೇಗ, ಮತ್ತಿಯಂಥ ಮರಗಳು ಎಲೆ ಉದುರಿಸುವುದು ಚಳಿಗೆ ಹೆದರಿ ಅಲ್ಲ, ಜನವರಿಯಿಂದ ಮಾರ್ಚ್‌ವರೆಗಿನ ಒಣಹವೆಗೆ. ಕಾರಣ ಬೇರೆ, ಉದ್ದೇಶ ಒಂದೇ: ನೀರಿನ ಉಳಿತಾಯ.

ಮನೆ ಖಾಲಿ ಮಾಡುವವರು ಪಾತ್ರೆ ಪಡಗ, ದವಸ ಧಾನ್ಯ ಬಿಟ್ಟು ಹೋಗುತ್ತಾರೆಯೇ? ಮರವೂ ಹಾಗೆಯೇ. ಎಲೆಯಲ್ಲಿರುವ ಸಾರಜನಕ, ರಂಜಕಗಳನ್ನು ಅದು ಮಣ್ಣಿನಿಂದ ಕಷ್ಟಪಟ್ಟು ಸಂಪಾದಿಸಿದ್ದು. ಎಲೆ ಬೀಳುವ ಮುನ್ನ ಅಲ್ಲಿನ ಪ್ರೋಟೀನುಗಳನ್ನು ಒಡೆದು, ಸಾಮಾನ್ಯವಾಗಿ ಈ ಧಾತುಗಳ ಅರ್ಧದಷ್ಟನ್ನೋ ಅದಕ್ಕೂ ಹೆಚ್ಚನ್ನೋ ಕೊಂಬೆ, ಕಾಂಡ, ಬೇರುಗಳಿಗೆ ಸಾಗಿಸುತ್ತದೆ. ಮುಂದಿನ ವಸಂತದ ಚಿಗುರಿಗೆ ಅದೇ ಬಂಡವಾಳ. ಈ ಸಾಗಾಟದ ವೇಳೆಯಲ್ಲೇ ಪತ್ರಹರಿತ್ತು ಕೂಡ ಒಡೆದು ಹಸಿರು ಮಾಸುತ್ತದೆ. ಆಗ ಹೊರಗೆ ಕಾಣಿಸುವುದೇ ಹಳದಿ.

ಆ ಹಳದಿ ಹೊಸದಾಗಿ ಬಂದದ್ದಲ್ಲ. ಕ್ಯಾರೋಟಿನಾಯ್ಡ್ ಎಂಬ ವರ್ಣದ್ರವ್ಯಗಳು ಎಲೆಯಲ್ಲಿ ಮೊದಲಿನಿಂದಲೂ ಇದ್ದವು. ಹಸಿರು ಅವನ್ನು ಮರೆಮಾಡಿತ್ತು. ಇದನ್ನು ಮನೆಯಲ್ಲೇ ಪರೀಕ್ಷಿಸಬಹುದು. ಫಿಲ್ಟರ್ ಕಾಗದದ ಉದ್ದನೆಯ ಪಟ್ಟಿಯ ಮೇಲೆ, ತುದಿಯಿಂದ ಎರಡು ಸೆಂಟಿಮೀಟರ್ ಬಿಟ್ಟು, ಒಂದು ಪಾಲಕ್ ಎಲೆ ಇಡಿ. ನಾಣ್ಯದ ಅಂಚನ್ನು ಒತ್ತಿ ಉರುಳಿಸಿ ದಟ್ಟವಾದ ಹಸಿರು ಗೆರೆ ಮೂಡಿಸಿ. ಲೋಟದಲ್ಲಿ ಸ್ವಲ್ಪ ಸರ್ಜಿಕಲ್ ಸ್ಪಿರಿಟ್ ಹಾಕಿ, ಗೆರೆ ಮುಳುಗದಂತೆ ಪಟ್ಟಿಯ ತುದಿಯನ್ನು ಮಾತ್ರ ಅದ್ದಿ ನಿಲ್ಲಿಸಿ. ಸ್ಪಿರಿಟ್ ಮೇಲೇರುತ್ತ ಬಣ್ಣಗಳನ್ನೂ ಒಯ್ಯುತ್ತದೆ. ಅರ್ಧ ಗಂಟೆಯಲ್ಲಿ ಹಸಿರಿನ ಪಕ್ಕ ತೆಳುವಾದ ಹಳದಿ ಪಟ್ಟೆ ಕಾಣಬೇಕು. (ಸ್ಪಿರಿಟ್ ಬೇಗ ಹತ್ತಿ ಉರಿಯುತ್ತದೆ; ಒಲೆ, ದೀಪಗಳಿಂದ ದೂರವಿಟ್ಟು, ದೊಡ್ಡವರು ಜೊತೆಗಿದ್ದಾಗಲೇ ಮಾಡಬೇಕು.) ರಷ್ಯದ ಸಸ್ಯವಿಜ್ಞಾನಿ ಮಿಖಾಯಿಲ್ ತ್ಸ್ವೆಟ್ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಎಲೆಯ ಬಣ್ಣಗಳನ್ನು ಬೇರ್ಪಡಿಸಿದ್ದು ಇದೇ ತತ್ವದಿಂದ. ಕಾಗದದ ಬದಲು ಅವರು ಸೀಮೆಸುಣ್ಣದಂಥ ಪುಡಿ ತುಂಬಿದ ಗಾಜಿನ ಕೊಳವೆ ಬಳಸಿದ್ದರು.

ಕೆಂಪಿನ ಕಥೆ ಮಾತ್ರ ಬೇರೆ. ನೇರಳೆ ಹಣ್ಣಿಗೂ ದಾಸವಾಳಕ್ಕೂ ಬಣ್ಣ ಕೊಡುವ ಆಂಥೋಸಯನಿನ್ ಗುಂಪಿನ ವರ್ಣದ್ರವ್ಯ ಅದು. ಶರದೃತುವಿನ ಎಲೆ ಅದನ್ನು ಹೊಸದಾಗಿ, ಸಕ್ಕರೆ ಖರ್ಚು ಮಾಡಿ ತಯಾರಿಸುತ್ತದೆ. ಹಗಲು ಒಳ್ಳೆಯ ಬಿಸಿಲು, ರಾತ್ರಿ ಹಿಮ ಬೀಳದಷ್ಟು ತಂಪು ಇದ್ದ ವರ್ಷ ಕೆಂಪು ಹೆಚ್ಚು ಸೊಗಸು. ಆದರೆ ಕೆಲವೇ ದಿನಗಳಲ್ಲಿ ಬಿಸಾಡಲಿರುವ ಎಲೆಗೆ, ಇಷ್ಟು ಲೆಕ್ಕಾಚಾರದ ಮರ ಬಣ್ಣ ಬಳಿಯುವುದೇಕೆ?

ಇದಕ್ಕೆ ವಿಜ್ಞಾನಿಗಳಲ್ಲಿ ಇನ್ನೂ ಒಮ್ಮತವಿಲ್ಲ. ಒಂದು ವಾದದ ಪ್ರಕಾರ ಕೆಂಪು ಒಂದು ಕೊಡೆ. ಪತ್ರಹರಿತ್ತು ಕುಸಿಯುತ್ತಿರುವಾಗ ಬಿಸಿಲು ಎಲೆಯ ಜೀವಕೋಶಗಳಿಗೆ ಹಾನಿ ಮಾಡಬಲ್ಲದು. ಸಾಗಾಟ ಮುಗಿಯುವ ತನಕ ಕೆಂಪು ಅದನ್ನು ತಡೆಯುತ್ತದೆ. ಎಳೆಯ ಮಾವಿನ ಚಿಗುರು ತಾಮ್ರದ ಬಣ್ಣಕ್ಕಿರುವುದಕ್ಕೂ ಹಲವರು ಇಂಥದೇ ಕಾರಣ ಹೇಳುತ್ತಾರೆ; ಅಲ್ಲಿ ಅಡುಗೆಮನೆ ಇನ್ನೂ ಪೂರ್ತಿ ಸಜ್ಜಾಗಿರುವುದಿಲ್ಲ. ಇನ್ನೊಂದು ವಾದ ಬ್ರಿಟನ್ನಿನ ಜೀವವಿಜ್ಞಾನಿ ಡಬ್ಲ್ಯು. ಡಿ. ಹ್ಯಾಮಿಲ್ಟನ್ ಅವರದು. ಅವರು ಸ್ಯಾಮ್ ಬ್ರೌನ್ ಜೊತೆ 262 ಜಾತಿಯ ಮರಗಳ ವಿವರ ಕಲೆಹಾಕಿ ಬರೆದ ಲೇಖನ, ಹ್ಯಾಮಿಲ್ಟನ್ ತೀರಿಕೊಂಡ ಮರುವರ್ಷ, 2001ರಲ್ಲಿ ಪ್ರಕಟವಾಯಿತು. ಗಿಡಹೇನುಗಳ ಕಾಟ ಹೆಚ್ಚಿರುವ ಜಾತಿಗಳಲ್ಲಿ ಬಣ್ಣವೂ ಗಾಢ ಎಂದು ಅವರಿಗೆ ಕಂಡಿತು. ‘ನಾನು ಗಟ್ಟಿಮುಟ್ಟಾಗಿದ್ದೇನೆ, ಇಲ್ಲಿ ಮೊಟ್ಟೆ ಇಡಬೇಡಿ’ ಎಂದು ಮರ ಕೀಟಗಳಿಗೆ ಕೊಡುವ ಎಚ್ಚರಿಕೆಯೇ ಈ ಬಣ್ಣ ಎಂಬುದು ಅವರ ಊಹೆ. ಎರಡೂ ಸ್ವಲ್ಪ ಸ್ವಲ್ಪ ಸರಿಯಿರಬಹುದು. ಪಠ್ಯಪುಸ್ತಕದಲ್ಲಿ ಉತ್ತರ ಸಿಗದ ಪ್ರಶ್ನೆಗಳು ಕಣ್ಣೆದುರಿನ ಎಲೆಯಲ್ಲೇ ಇರುತ್ತವೆ.

ಸಾಗಾಟ ಮುಗಿದ ಮೇಲೆ ತೊಟ್ಟಿನ ಬುಡದಲ್ಲಿ ಜೀವಕೋಶಗಳ ಒಂದು ತೆಳು ಪದರ ಸಡಿಲವಾಗುತ್ತದೆ. ಅಲ್ಲಿನ ಕಿಣ್ವಗಳು ಕೋಶಗಳ ನಡುವಿನ ಅಂಟನ್ನು ಕರಗಿಸುತ್ತವೆ. ಮರದ ಕಡೆ ಬೆಂಡಿನಂಥ ಪದರ ಬೆಳೆದು ಗಾಯ ಮುಚ್ಚುತ್ತದೆ. ಆಮೇಲೆ ಸಣ್ಣ ಗಾಳಿ ಸಾಕು. ಚಪ್ಪರದ ಟೊಂಗೆಗೆ ಆಗದಿದ್ದದ್ದು ಇದೇ ಕೆಲಸ.

ಹೀಗೆ ಬಿದ್ದ ಎಲೆಯಲ್ಲಿ ಸುಣ್ಣದಂಶವೂ ಬೇಕಾದಷ್ಟು ಸಾವಯವ ವಸ್ತುವೂ ಉಳಿದಿರುತ್ತವೆ. ಕಾಡಿನಲ್ಲಿ ಅದು ಕೊಳೆತು ಮತ್ತೆ ಬೇರಿಗೇ ಸಲ್ಲುತ್ತದೆ. ಕಾಶ್ಮೀರದಲ್ಲಿ ಚಿನಾರ್ ಎಲೆಗಳನ್ನು ಗುಡಿಸಿ ಸುಟ್ಟು, ಕಾಂಗ್ಡಿ ಎಂಬ ಅಗ್ಗಿಷ್ಟಿಕೆಗೆ ಇದ್ದಿಲು ಮಾಡಿಕೊಳ್ಳುವ ರೂಢಿ ಇದೆ. ಅದು ಚಳಿಗೆ ಅನಿವಾರ್ಯ. ಕರ್ನಾಟಕದ ಬೀದಿಗಳಲ್ಲಿ ಹೊಂಗೆ, ಬಾದಾಮಿ ಎಲೆಗಳ ರಾಶಿಗೆ ಬೆಂಕಿ ಇಡುವುದಕ್ಕೆ ಅಂಥ ಅನಿವಾರ್ಯವೇನೂ ಇಲ್ಲ. ಅದರಿಂದ ಸಿಗುವುದು ಕೆಮ್ಮು ಮಾತ್ರ. ಶಾಲೆಯ ಮೂಲೆಯಲ್ಲೊಂದು ಗುಂಡಿ ತೋಡಿ, ಎಲೆ ತುಂಬಿ, ಆಗಾಗ ನೀರು ಚಿಮುಕಿಸಿದರೆ ಕೆಲವು ತಿಂಗಳಲ್ಲಿ ಕಪ್ಪನೆಯ ಗೊಬ್ಬರ ಸಿದ್ಧ. ಮರ ಅರ್ಧ ಲೆಕ್ಕವನ್ನು ತಾನೇ ಚುಕ್ತಾ ಮಾಡಿಕೊಂಡಿದೆ. ಉಳಿದರ್ಧ ಮಣ್ಣಿಗೆ ಸಲ್ಲಬೇಕಾದದ್ದು.