ಬಾಗುವ ಕಲ್ಲು

ಕಲ್ಲು ಬಾಗದೆಂಬುದು ಲೋಕದ ನಂಬಿಕೆ. ಹಂಪಿಯ ವಿಠ್ಠಲ ದೇವಾಲಯದ ಮಹಾಮಂಟಪವು ಈ ನಂಬಿಕೆಯನ್ನು ಅಲ್ಲಗಳೆಯುತ್ತದೆ. ಅಲ್ಲಿಯ ಸಂಗೀತ ಕಂಬಗಳು ಪೊಳ್ಳಾಗಿರುವುದರಿಂದಲೇ ನಾದಗೈಯುತ್ತವೆಂದು ಹಲವರು ಭಾವಿಸಿದ್ದುಂಟು. ಕಲ್ಪಾಕ್ಕಂನ ಇಂದಿರಾಗಾಂಧಿ ಅಣುಸಂಶೋಧನಾ ಕೇಂದ್ರದ ವಿಜ್ಞಾನಿಗಳು 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅವು ಗಟ್ಟಿ ಕಂಬಗಳೇ ಎಂದು ತೋರಿಸಿಕೊಟ್ಟರು. ತಟ್ಟಿದಾಗ ಸಪೂರವಾದ ಕಂಬವು ಕಣ್ಣಿಗೆ ಕಾಣದಷ್ಟು ಬಾಗಿ ಮರಳುತ್ತದೆ. ಆ ಕಂಪನವೇ ನಾದ. ಕಂಬದ ಉದ್ದ, ದಪ್ಪಗಳಿಗೆ ತಕ್ಕಂತೆ ಅದರ ಸಹಜ ಆವೃತ್ತಿ ಬೇರೆಯಾಗುತ್ತದೆ.

ಯಂತ್ರದ ಅಚ್ಚಿಗೂ ಸೇತುವೆಯ ತೊಲೆಗೂ ಇದೇ ನಿಯಮ. ಹೊರಗಿನ ಬಡಿತವು ಸಹಜ ಆವೃತ್ತಿಯೊಡನೆ ಹೊಂದಿಕೊಂಡರೆ ಕಂಪನವು ಬೆಳೆದು ಮುರಿತಕ್ಕೂ ಕಾರಣವಾಗಬಲ್ಲದು. ಆದ್ದರಿಂದ ಎಂಜಿನಿಯರರು ಅಂಥ ಭಾಗವನ್ನು ಸ್ಪ್ರಿಂಗುಗಳಿಂದ ಕೂಡಿಸಿದ ಸಣ್ಣ ತುಂಡುಗಳ ಸಾಲೆಂದು ಕಲ್ಪಿಸಿ, ಅದರ ಬಾಗುವಿಕೆಯನ್ನು ಮೊದಲೇ ಲೆಕ್ಕಹಾಕುತ್ತಾರೆ. ಗಟ್ಟಿಯಾಗಿದೆಯೆಂಬ ಭರವಸೆಯು ಲೆಕ್ಕಕ್ಕೆ ಸಾಟಿಯಲ್ಲ.

ಸಂಡೂರು ತಾಲ್ಲೂಕಿನ ಚೋರನೂರಿನಿಂದ ಹಂಪಿಯನ್ನು ನೋಡಬರುವ ಬಾಲಕನಿಗೂ, ದೂರದೇಶದ ಪ್ರವಾಸಿಗೂ ಆ ಕಂಬಗಳನ್ನು ತಟ್ಟಿನೋಡುವ ಆಸೆ ಸಹಜವೇ. ಆದರೆ ಬಾಗುವ ವಸ್ತು ಪದೇ ಪದೇ ಪೆಟ್ಟು ತಿಂದರೆ ಬಳಲುತ್ತದೆ. ತಟ್ಟಬಾರದೆಂಬ ಅಲ್ಲಿಯ ನಿರ್ಬಂಧ ಉಚಿತವಾದುದು. ನಾದದ ಕಾರಣವನ್ನು ಅರಿತವರು ಕಲ್ಲನ್ನು ನೋಯಿಸಬೇಕಾಗಿಲ್ಲ.