ಇಸ್ತ್ರಿ ಪೆಟ್ಟಿಗೆ ಹತ್ತದ ಹಡಗು

ಪ್ರವಾಸಿ ಹಡಗು ಹತ್ತುವ ಮುನ್ನ ಬಂದರಿನಲ್ಲಿ ಸಾಮಾನಿನ ತಪಾಸಣೆ ನಡೆಯುತ್ತದೆ. ಮೇಣದಬತ್ತಿ, ಊದಿನಕಡ್ಡಿಗಳ ಜೊತೆಗೆ ಅಲ್ಲಿ ಎತ್ತಿಡುವ ವಸ್ತುಗಳಲ್ಲಿ ಇಸ್ತ್ರಿ ಪೆಟ್ಟಿಗೆಯೂ ಒಂದು. ಬಟ್ಟೆಗೆ ಹಬೆ ಹಿಡಿಯುವ ಪುಟ್ಟ ಸ್ಟೀಮರನ್ನು ಸಹ ಬಹುಪಾಲು ಹಡಗು ಕಂಪನಿಗಳು ಕ್ಯಾಬಿನ್ನಿನೊಳಗೆ ಬಿಡುವುದಿಲ್ಲ. ಕೆಲವು ಹಡಗುಗಳಲ್ಲಿ ಪ್ರಯಾಣಿಕರೇ ಬಟ್ಟೆ ಒಗೆದು ಇಸ್ತ್ರಿ ಮಾಡಿಕೊಳ್ಳಲು ಒಂದು ಕೋಣೆ ಇರುತ್ತದೆ, ಹಲವದರಲ್ಲಿ ಅದೂ ಇಲ್ಲ. ಹಡಗಿನ ಲಾಂಡ್ರಿಗೆ ಕೊಟ್ಟರೆ ಒಂದೊಂದು ಬಟ್ಟೆಗೂ ಬೇರೆ ದುಡ್ಡು.

ಕಾರಣ ಬೆಂಕಿಯ ಭಯ. ಊರಲ್ಲಿ ಮನೆಗೆ ಬೆಂಕಿ ಬಿದ್ದರೆ ಬೀದಿಗೆ ಓಡಬಹುದು, ನಡುಗಡಲಲ್ಲಿ ಓಡಲು ಬೀದಿ ಎಲ್ಲಿದೆ? 1934ರ ಸೆಪ್ಟೆಂಬರ್ 8ರ ನಸುಕಿನಲ್ಲಿ ಅಮೆರಿಕದ ನ್ಯೂಜೆರ್ಸಿ ಕರಾವಳಿಯ ಹತ್ತಿರ 'ಮಾರೋ ಕ್ಯಾಸಲ್' ಎಂಬ ಪ್ರವಾಸಿ ಹಡಗು ಹೊತ್ತಿ ಉರಿಯಿತು. ಕಿಡಿ ಹುಟ್ಟಿದ್ದು ಒಂದು ಕೋಣೆಯ ಸಣ್ಣ ಕಪಾಟಿನಲ್ಲಿ, ಸತ್ತವರು 130ಕ್ಕೂ ಹೆಚ್ಚು ಜನ. ಟೈಟಾನಿಕ್ ಮುಳುಗಿದ ಮೇಲೆ 1914ರಲ್ಲಿ ಹುಟ್ಟಿದ 'ಸೋಲಾಸ್' ಎಂಬ ಅಂತರರಾಷ್ಟ್ರೀಯ ಸುರಕ್ಷತಾ ಒಪ್ಪಂದ ಆಮೇಲೆ ಹಲವು ಬಾರಿ ಬಿಗಿಯಾಯಿತು. ಅದರಲ್ಲಿ ಬೆಂಕಿಗೆ ಸಂಬಂಧಿಸಿದ ನಿಯಮಗಳ ಹಿಂದೆ ಇಂಥ ಸಾವುಗಳಿವೆ. ಸಾವಿರಾರು ಜನ ಒಂದೇ ಕಬ್ಬಿಣದ ಗೂಡಿನಲ್ಲಿ ಮಲಗುವಾಗ, ಯಾರೋ ಒಬ್ಬರು ಊಟಕ್ಕೆ ಹೊರಡುವ ಅವಸರದಲ್ಲಿ ಆರಿಸಲು ಮರೆತ ಇಸ್ತ್ರಿ ಪೆಟ್ಟಿಗೆ ಎಲ್ಲರ ಜೀವಕ್ಕೆ ಕುತ್ತು ತರಬಲ್ಲದು. ನಿಯಮ ಸರಿಯಾಗಿಯೇ ಇದೆ.

ಈ ಮಾತು ಈಗ ನಮ್ಮ ಬಯಲುಸೀಮೆಗೂ ಬಂದಿದೆ. 2022ರ ಜೂನ್‌ನಲ್ಲಿ ಕಾರ್ಡೀಲಿಯಾ ಸಂಸ್ಥೆಯ 'ಎಂಪ್ರೆಸ್' ಹಡಗು ಚೆನ್ನೈ ಬಂದರಿನಿಂದ ವಿಹಾರಕ್ಕೆ ಹೊರಟ ಮೇಲೆ, ಸಮುದ್ರವನ್ನೇ ಕಾಣದ ಗಡಿನಾಡಿನ ಮನೆಗಳಲ್ಲೂ ಹಡಗಿನ ಲೆಕ್ಕಾಚಾರ ಶುರುವಾಯಿತು. ಹಿಂದೂಪುರದಲ್ಲಿರುವ ನಮ್ಮ ಅಕ್ಕ ಮೊನ್ನೆ ಫೋನು ಮಾಡಿದ್ದಳು. ಮಗ-ಸೊಸೆ ಟಿಕೆಟ್ ತೆಗೆಸಿದ್ದಾರೆ. "ಇಸ್ತ್ರಿ ಪೆಟ್ಟಿಗೆ ತಗೊಂಡು ಹೋಗೋ ಹಂಗಿಲ್ಲಂತೆ ಕಣೋ. ಅಷ್ಟು ಜನದ ಮಧ್ಯೆ ಮುದುಡಿದ ಸೀರೇಲಿ ಓಡಾಡಬೇಕಾ?" ಎಂಬುದು ಅವಳ ಚಿಂತೆ. ಚಿಂತೆ ಸಣ್ಣದಲ್ಲ. ಮನೆ ಬಿಟ್ಟು ಹೊರಟಾಗ ಬಟ್ಟೆ ನೆಟ್ಟಗಿರಬೇಕೆಂಬುದು ನಮ್ಮ ಹೆಂಗಸರ ಪಾಲಿಗೆ ಮಾನದ ವಿಷಯ, ಅದನ್ನು ಶೋಕಿ ಎಂದು ತಳ್ಳಿಹಾಕುವವರು ಆ ಮಾನದ ಬೆಲೆ ಅರಿಯದವರು.

ಅಕ್ಕನಿಗೆ ನಾನು ಹೇಳಿದ್ದನ್ನೇ ಇಲ್ಲಿ ಸ್ವಲ್ಪ ವಿಸ್ತರಿಸಿ ಬರೆಯುತ್ತಿದ್ದೇನೆ. ಸುಕ್ಕು ಹೋಗಲಾಡಿಸುವುದು ನೀರು, ಭಾರ ಮತ್ತು ಸಮಯ. ಕಾದ ಕಬ್ಬಿಣ ಆ ಕೆಲಸವನ್ನು ಬೇಗ ಮುಗಿಸಿಕೊಡುತ್ತದೆ, ಅಷ್ಟೇ.

ಹತ್ತಿ ಬಟ್ಟೆ ಯಾಕೆ ಮುದುಡುತ್ತದೆ? ಹತ್ತಿಯ ಎಳೆಯೆಂದರೆ ಸೆಲ್ಯುಲೋಸಿನ ಉದ್ದುದ್ದ ಸರಪಳಿಗಳು. ಆ ಸರಪಳಿಗಳನ್ನು ಪಕ್ಕಪಕ್ಕದಲ್ಲಿ ಹಿಡಿದಿಟ್ಟಿರುವುದು ಹೈಡ್ರೋಜನ್ ಬಂಧಗಳು. ಈ ಬಂಧಗಳು ದುರ್ಬಲ, ನೀರು ತಾಗಿದರೆ ಬಿಟ್ಟುಕೊಳ್ಳುತ್ತವೆ. ಬೆವರಿದ ಬೆನ್ನು ಬಸ್ಸಿನ ಸೀಟಿಗೆ ಒರಗಿದಾಗ ಸರಪಳಿಗಳು ಜಾರಿ ಹೊಸ ಜಾಗಕ್ಕೆ ಸರಿಯುತ್ತವೆ, ಬೆವರು ಆರಿದಾಗ ಬಂಧಗಳು ಆ ಹೊಸ ಜಾಗದಲ್ಲೇ ಮತ್ತೆ ಬೆಸೆದುಕೊಳ್ಳುತ್ತವೆ. ಅದೇ ಸುಕ್ಕು. ಇಸ್ತ್ರಿಯವನು ನೀರು ಚಿಮುಕಿಸಿ ಪೆಟ್ಟಿಗೆ ಒತ್ತಿದಾಗ ನಡೆಯುವುದೂ ಇದೇ ಕ್ರಿಯೆ, ಒಂದೇ ವ್ಯತ್ಯಾಸವೆಂದರೆ ಈ ಸಲ ಬಂಧಗಳು ಬೆಸೆಯುವುದು ಚಪ್ಪಟೆ ಮೇಜಿನ ಮೇಲೆ.

ಅಕ್ಕನ ಊರಿರುವ ಅನಂತಪುರ ಸೀಮೆ ದೇಶದ ಅತಿ ಕಡಿಮೆ ಮಳೆ ಬೀಳುವ ಪ್ರದೇಶಗಳಲ್ಲಿ ಒಂದು. 1882ರಲ್ಲಿ ಬಳ್ಳಾರಿಯಿಂದ ಬೇರೆಯಾದ ಈ ಜಿಲ್ಲೆಯಲ್ಲಿ ವರ್ಷಕ್ಕೆ ಬೀಳುವ ಮಳೆ 550 ಮಿಲಿಮೀಟರಿನ ಆಸುಪಾಸು. 2022ರಲ್ಲಿ ಹಿಂದೂಪುರ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು, ಅದೇ ಸೀಮೆಯ ಕಲ್ಯಾಣದುರ್ಗ ಅನಂತಪುರದಲ್ಲೇ ಉಳಿಯಿತು, ಹವೆ ಮಾತ್ರ ಎರಡಕ್ಕೂ ಒಂದೇ. ಬೇಸಿಗೆಯ ಆ ಒಣಗಾಳಿಯಲ್ಲಿ ಕೊಡವಿ ಹಗ್ಗಕ್ಕೆ ಹಾಕಿದ ಪಂಚೆ ನೋಡನೋಡುತ್ತಲೇ ಒಣಗಿ ಹಪ್ಪಳದಂತೆ ನಿಲ್ಲುತ್ತದೆ. ಕಡಲ ಮೇಲೆ ಹಾಗಲ್ಲ. ಡೆಕ್ಕಿನ ತೇವದ ಗಾಳಿಯಿಂದಲೇ ಬಟ್ಟೆ ನೀರು ಹೀರುತ್ತದೆ. ಸಾಮಾನ್ಯ ಹವೆಯಲ್ಲಿ 100 ಗ್ರಾಂ ಒಣ ಹತ್ತಿ ಸುಮಾರು 8 ಗ್ರಾಂ ನೀರನ್ನು ತನ್ನೊಳಗೆ ಇಟ್ಟುಕೊಳ್ಳುತ್ತದೆ, ರೇಷ್ಮೆ 11 ಗ್ರಾಂ, ಉಣ್ಣೆ 16 ಗ್ರಾಂವರೆಗೆ. ಪಾಲಿಯೆಸ್ಟರ್ ಅರ್ಧ ಗ್ರಾಂ ಕೂಡ ಇಲ್ಲ. ಕಡಲ ಹವೆಯಲ್ಲಿ ಹತ್ತಿಯ ಪಾಲು ಇನ್ನೂ ಏರುತ್ತದೆ. ಬಯಲುಸೀಮೆಯಲ್ಲಿ ಸಂಜೆವರೆಗೆ ನೆಟ್ಟಗಿದ್ದ ಅಂಗಿ ಹಡಗಿನಲ್ಲಿ ಮಧ್ಯಾಹ್ನಕ್ಕೇ ಮುದ್ದೆಯಾಗುವುದು ಈ ಕಾರಣಕ್ಕೆ.

ಉಣ್ಣೆಯ ಲೆಕ್ಕ ಗಮನಿಸಿ. ಎಲ್ಲಕ್ಕಿಂತ ಹೆಚ್ಚು ನೀರು ಕುಡಿಯುವ ಅದೇ ಹತ್ತಿ, ರೇಷ್ಮೆಗಳಿಗಿಂತ ಕಡಿಮೆ ಮುದುಡುತ್ತದೆ. ಇದನ್ನು ನೋಡಲು ಪ್ರಯೋಗಾಲಯ ಬೇಡ, ಕಲ್ಯಾಣದುರ್ಗದ ಕಡೆಯ ಕುರಿಗಾಹಿಯ ಹೆಗಲು ನೋಡಿದರೆ ಸಾಕು. ಕಲ್ಯಾಣದುರ್ಗ, ರಾಯದುರ್ಗದಿಂದ ಈಚೆ ಚಳ್ಳಕೆರೆಯವರೆಗೆ ಹಬ್ಬಿರುವ ಕುರಿಸೀಮೆಯಲ್ಲಿ ಕರಿಯ ಕಂಬಳಿ ಬಟ್ಟೆಯೂ ಹೌದು, ಹಾಸಿಗೆಯೂ ಹೌದು, ಮಳೆ ಬಂದರೆ ಕೊಪ್ಪೆಯೂ ಹೌದು. ಹಗಲೆಲ್ಲ ಮಡಚಿ ಹೆಗಲಿಗೇರಿಸಿ, ರಾತ್ರಿ ಹಟ್ಟಿಯಲ್ಲಿ ಕಲ್ಲುನೆಲದ ಮೇಲೆ ಹಾಸಿ, ಮುಂಜಾನೆ ಇಬ್ಬನಿಯಲ್ಲಿ ನೆಂದದ್ದನ್ನು ಎರಡು ಸಲ ಜಾಡಿಸಿದರೆ ಅದು ಮತ್ತೆ ಮೊದಲಿನಂತೆ. ಕುರಿಯ ತುಪ್ಪಟದ ಕೂದಲು ಹುಟ್ಟಾ ಸುರುಳಿ. ಒಳಗಿನ ಪ್ರೋಟೀನ್ ಸರಪಳಿಯೂ ಸ್ಪ್ರಿಂಗಿನ ಹಾಗೆ ಸುತ್ತಿಕೊಂಡಿದೆ, ಆ ಸುತ್ತುಗಳನ್ನು ಗಂಧಕದ ಗಟ್ಟಿ ಬಂಧಗಳು ಕಟ್ಟಿಹಾಕಿವೆ. ನೀರು ತಾಗಿದರೆ ಬಿಟ್ಟುಕೊಳ್ಳುವ ಬಂಧಗಳಲ್ಲ ಅವು. ಎಳೆದರೆ ಉದ್ದವಾಗುತ್ತದೆ, ಬಿಟ್ಟರೆ ಹಿಂದಕ್ಕೆ ಬರುತ್ತದೆ.

ಕಂಬಳಿ ನೇಯುವಾಗ ಹಾಸಿನ ನೂಲಿಗೆ ಹುಣಸೆಬೀಜದ ಸರಿ ಬಳಿಯುತ್ತಾರೆ. ಬೀಜ ಹುರಿದು, ಸಿಪ್ಪೆ ತೆಗೆದು, ಅರೆದು, ಬೇಯಿಸಿ ಮಾಡಿದ ಅಂಟು ಅದು. ಬಯಲಲ್ಲಿ ಉದ್ದಕ್ಕೆ ಹಾಸು ಹರಡಿ, ಕುಂಚದಿಂದ ಸರಿ ಎಳೆಯುತ್ತ ಹೋದರೆ, ನವಿರೆದ್ದು ನಿಂತ ಕೂದಲುಗಳೆಲ್ಲ ನೂಲಿಗೆ ಅಂಟಿ ಮಲಗುತ್ತವೆ. ಹುಣಸೆ ವ್ಯಾಪಾರಕ್ಕೆ ಹಿಂದೂಪುರದ ಮಾರುಕಟ್ಟೆ ದೊಡ್ಡ ಹೆಸರು. ಒಂದು ಊರು ವ್ಯಾಪಾರ ಮಾಡುವ ಹಣ್ಣಿನ ಬೀಜ ಇನ್ನೊಂದು ಊರಿನ ಕಂಬಳಿಗೆ ಅಂಟಾಗುವುದು ನನಗೆ ಬಹಳ ಪ್ರಿಯವಾದ ಸಂಗತಿ. ಈಗ ಮಾಂಸಕ್ಕಾಗಿ ಸಾಕುವ, ಮೈಮೇಲೆ ಉಣ್ಣೆಯೇ ಇಲ್ಲದ ತಳಿಗಳು ಕರಿಯ ದಖ್ಖನಿ ಕುರಿಯ ಜಾಗಕ್ಕೆ ಬಂದಿವೆ, ಕಂಬಳಿಯ ಮಗ್ಗಗಳು ಒಂದೊಂದಾಗಿ ನಿಲ್ಲುತ್ತಿವೆ. ಇದು ನನಗೆ ನಿಜವಾದ ದುಃಖ ತರುತ್ತದೆ.

ಕಂಬಳಿ ಹೊದ್ದು ಹಡಗಿನ ಔತಣಕ್ಕೆ ಹೋಗಿ ಎಂದು ನಾನು ಹೇಳುತ್ತಿಲ್ಲ. ಆದರೆ ತೆಳು ಉಣ್ಣೆಯ ಒಂದು ಶಾಲು, ಒಂದು ಕೋಟು ಪೆಟ್ಟಿಗೆಯಲ್ಲಿದ್ದರೆ ಅವುಗಳಿಗೆ ಇಸ್ತ್ರಿಯ ಹಂಗಿಲ್ಲ. ರಾತ್ರಿ ನೇತುಹಾಕಿದರೆ ಬೆಳಿಗ್ಗೆ ತಾವೇ ಸರಿಹೋಗಿರುತ್ತವೆ.

ಅಕ್ಕನ ಪ್ರಶ್ನೆ ಇದ್ದದ್ದು ರೇಷ್ಮೆ ಸೀರೆಯದು. ಹಿಂದೂಪುರದವರಿಗೆ ರೇಷ್ಮೆಯ ಬಗ್ಗೆ ಹೊರಗಿನವರು ಹೇಳಿಕೊಡಬೇಕಾದ್ದೇನಿಲ್ಲ. ಗೂಡಿನ ಮಾರುಕಟ್ಟೆ ಅಲ್ಲೇ ಇದೆ, ಹತ್ತಿರದ ಕಿರಿಕೆರೆಯಲ್ಲಿ ರೇಷ್ಮೆ ಸಂಶೋಧನಾ ಸಂಸ್ಥೆಯಿದೆ, ರೈಲು ಹತ್ತಿದರೆ ಧರ್ಮಾವರಂ. ಇತ್ತ ಲೇಪಾಕ್ಷಿ. ಅಚ್ಯುತದೇವರಾಯನ ಕಾಲದಲ್ಲಿ ವಿರೂಪಣ್ಣ, ವೀರಣ್ಣ ಸೋದರರು ಕಟ್ಟಿಸಿದ ಆ ಗುಡಿಯ ಲತಾಮಂಟಪದ ಕಂಬಗಳಲ್ಲಿ ಕೆತ್ತಿದ ಬಳ್ಳಿ-ಹೂವುಗಳು ಇಂದಿಗೂ ಸೀರೆಯ ಅಂಚಿಗೆ ಇಳಿಯುತ್ತಿವೆ. ಅಲ್ಲಿ ಹೋದವರು ಕತ್ತೆತ್ತಿ ರಂಗಮಂಟಪದ ಚಾವಣಿಯ ಚಿತ್ರಗಳನ್ನು ನೋಡಬೇಕು. ಕುಲಾವಿ ತೊಟ್ಟ ಗಂಡಸರು, ಸಾಲಾಗಿ ನಿಂತ ಹೆಂಗಸರು, ಒಬ್ಬೊಬ್ಬಳ ಸೀರೆಗೂ ಒಂದೊಂದು ವಿನ್ಯಾಸ. ಚಿತ್ರಕಾರ ನೆರಿಗೆಯನ್ನು ಎಷ್ಟು ಶ್ರದ್ಧೆಯಿಂದ ಬರೆದಿದ್ದಾನೆಂದರೆ ಸೀರೆಯ ತುದಿ ಚೂಪಾಗಿ ಗಾಳಿಗೆ ಹೊರಚಾಚಿದೆ. ಮಡಿಕೆ ಅಲ್ಲಿ ಅಲಂಕಾರ. ನಾವು ಬೇಕೆಂದು ಹಾಕಿದ್ದು ನೆರಿಗೆ, ಬೇಡವೆಂದರೂ ಬಿದ್ದದ್ದು ಸುಕ್ಕು.

ರೇಷ್ಮೆ ಹತ್ತಿಯಷ್ಟು ಮುದುಡದು, ಉಣ್ಣೆಯಷ್ಟು ಚೇತರಿಸಿಕೊಳ್ಳದು. ಅದರ ತೊಂದರೆ ಜರಿಯಲ್ಲಿದೆ. ಒಳ್ಳೆಯ ಜರಿಯೆಂದರೆ ನೂಲಿನ ಸುತ್ತ ಸುತ್ತಿದ, ಚಿನ್ನದ ನೀರು ಕಂಡ ಬೆಳ್ಳಿಯ ತೆಳು ತಂತಿ. ಲೋಹ ಒಂದೇ ಗೆರೆಯಲ್ಲಿ ಮತ್ತೆ ಮತ್ತೆ ಮಡಿಸಿಕೊಂಡರೆ ಬಿರಿಯುತ್ತದೆ. ನಮ್ಮ ಅಜ್ಜಿಯರು ಟ್ರಂಕಿನ ಸೀರೆಗಳನ್ನು ಆಗಾಗ ಹೊರತೆಗೆದು, ನೆರಳಲ್ಲಿ ಗಾಳಿಗೆ ಹಾಕಿ, ಮಡಿಕೆ ಬದಲಿಸಿ ಇಡುತ್ತಿದ್ದದ್ದು ಅದಕ್ಕೇ. ಪ್ರಯಾಣಕ್ಕೆ ಇನ್ನೂ ಒಳ್ಳೆಯ ದಾರಿ ಸುತ್ತುವುದು. ಹಳೆಯ ಮೆತ್ತನೆಯ ಹತ್ತಿ ಪಂಚೆಯನ್ನು ಹಾಸಿ, ಮೇಲೆ ಸೀರೆಯನ್ನು ಉದ್ದಕ್ಕೆ ನಾಲ್ಕಾಗಿ ಮಡಚಿ ಇಟ್ಟು, ಚಾಪೆ ಸುತ್ತಿದ ಹಾಗೆ ಸಡಿಲವಾಗಿ ಸುತ್ತಬೇಕು. ಚೂಪು ಮಡಿಕೆಗಳು ಕಡಿಮೆಯಾಗುತ್ತವೆ. ರೇಷ್ಮೆಗೆ ನೀರು ಚಿಮುಕಿಸಬಾರದು, ಕಲೆ ನಿಲ್ಲುತ್ತದೆ.

ಹಡಗು ಮತ್ತು ಬಟ್ಟೆ ಎಂದಾಗ ಗಾಂಧೀಜಿಯ ಆತ್ಮಕಥೆ ನೆನಪಾಗದೆ ಇರದು. 1888ರ ಸೆಪ್ಟೆಂಬರ್ 4ರಂದು ಬೊಂಬಾಯಿಯಿಂದ ಹೊರಟ ಹುಡುಗ ಹಡಗಿನಲ್ಲೆಲ್ಲ ಕಪ್ಪು ಸೂಟು ತೊಟ್ಟು, ಬಿಳಿಯ ಫ್ಲಾನೆಲ್ ಸೂಟನ್ನು ಇಳಿಯುವ ದಿನಕ್ಕೆಂದು ಜೋಪಾನ ಮಾಡಿಟ್ಟಿದ್ದರು. ಇಂಗ್ಲೆಂಡಿನಲ್ಲಿ ಇಳಿದಾಗ ಸೆಪ್ಟೆಂಬರ್ ಕೊನೆ. ಬಿಳಿ ತೊಟ್ಟವರು ಇಡೀ ಬಂದರಿನಲ್ಲಿ ಅವರೊಬ್ಬರೇ. ಪೆಟ್ಟಿಗೆಗಳ ಜೊತೆ ಬೀಗದ ಕೈಯನ್ನೂ ಏಜೆಂಟರ ಕೈಗೆ ಕೊಟ್ಟಿದ್ದರಿಂದ ಬದಲಿಸುವ ಹಾಗೂ ಇರಲಿಲ್ಲ. ಅದೇ ಮನುಷ್ಯ ಮುಂದೆ ದಕ್ಷಿಣ ಆಫ್ರಿಕಾದಲ್ಲಿ ತನ್ನ ಕಾಲರನ್ನು ತಾನೇ ಒಗೆದು, ಗಂಜಿ ಹಾಕಿ, ಇಸ್ತ್ರಿ ಮಾಡುವುದನ್ನು ಕಲಿತರು. ಮೊದಲ ಸಲ ಗಂಜಿ ಹೆಚ್ಚಾಗಿ, ಸುಟ್ಟೀತೆಂಬ ಭಯದಲ್ಲಿ ಒತ್ತಿದ್ದು ಸಾಲದೆ, ಕೋರ್ಟಿನಲ್ಲಿ ಜೊತೆಯ ವಕೀಲರು ನಕ್ಕರು. ಆ ಕೈ ಆಮೇಲೆ ಚೆನ್ನಾಗಿ ಪಳಗಿತು. ಗೋಖಲೆಯವರು ಅಲ್ಲಿಗೆ ಹೋದಾಗ ರಾನಡೆಯವರು ಕೊಟ್ಟಿದ್ದ ಅವರ ಅಮೂಲ್ಯ ಶಲ್ಯ ಮುದುಡಿತ್ತು. ಅದನ್ನು ಇಸ್ತ್ರಿ ಮಾಡಿಕೊಟ್ಟವರು ಗಾಂಧಿಯವರೇ. ಈ ಪ್ರಸಂಗ ನನಗೆ ದೊಡ್ಡದೆನ್ನಿಸುತ್ತದೆ. ಇನ್ನೊಬ್ಬರ ಬಟ್ಟೆಯ ಸುಕ್ಕು ತೆಗೆಯುವುದರಲ್ಲಿ ಅವರಿಗೆ ಯಾವ ಸಣ್ಣತನವೂ ಕಾಣಲಿಲ್ಲ. ಹನ್ನೆರಡನೆಯ ಶತಮಾನದಲ್ಲಿ ಮಡಿವಾಳ ಮಾಚಿದೇವರು ಶರಣರ ಬಟ್ಟೆ ಒಗೆಯುವುದನ್ನೇ ಕಾಯಕವೆಂದು ಬಗೆದ ನಾಡು ನಮ್ಮದು.

ಆದ್ದರಿಂದಲೇ 2024ರ ಮೇ ತಿಂಗಳಲ್ಲಿ ದೇಶದ ವಿಜ್ಞಾನ ಸಂಶೋಧನಾ ಸಂಸ್ಥೆ ಸಿಎಸ್ಐಆರ್ ಸೋಮವಾರ ಇಸ್ತ್ರಿಯಿಲ್ಲದ ಬಟ್ಟೆ ತೊಡಿ ಎಂದು ತನ್ನ ಸಿಬ್ಬಂದಿಗೆ ಕರೆ ಕೊಟ್ಟಾಗ ನನಗೆ ಎರಡು ಮನಸ್ಸಾಯಿತು. ಒಂದು ಜೊತೆ ಬಟ್ಟೆಯ ಇಸ್ತ್ರಿಗೆ 200 ಗ್ರಾಂನಷ್ಟು ಇಂಗಾಲದ ಹೊಗೆ ಎಂಬ ಅವರ ಲೆಕ್ಕ ಯೋಚಿಸಬೇಕಾದ್ದೇ. ಆದರೆ ಬೇವಿನ ಮರದಡಿ ತಳ್ಳುಗಾಡಿ ನಿಲ್ಲಿಸಿ, ಕೆಂಡ ತುಂಬಿದ ಪೆಟ್ಟಿಗೆ ಎತ್ತಿ ಎತ್ತಿ ಮಣಿಕಟ್ಟು ಸವೆಸಿಕೊಂಡವನ ಹೊಟ್ಟೆಪಾಡೂ ಆ ಲೆಕ್ಕದೊಳಗೆ ಬರಬೇಕು.

ಸುಕ್ಕೇ ಬೀಳದ ಹತ್ತಿಯೂ ಇದೆ. ಕಳೆದ ಶತಮಾನದ ನಡುವಿನಲ್ಲಿ ಅಮೆರಿಕದ ನ್ಯೂ ಆರ್ಲಿಯನ್ಸಿನ ಸರ್ಕಾರಿ ಪ್ರಯೋಗಾಲಯದಲ್ಲಿ ರೂತ್ ಬೆನೆರಿಟೊ ಮತ್ತು ಅವರ ಸಂಗಡಿಗರು ಸೆಲ್ಯುಲೋಸ್ ಸರಪಳಿಗಳ ನಡುವೆ ನೀರಿಗೆ ಬಿಡದ ಗಟ್ಟಿ ಕೊಂಡಿ ಹಾಕುವ ರಸಾಯನವನ್ನು ಬೆಳೆಸಿದರು. ಅಂಗಡಿಯ 'ರಿಂಕಲ್ ಫ್ರೀ' ಅಂಗಿಗಳ ಮೂಲ ಅದು. ಅನುಕೂಲವೇನೋ ಹೌದು, ಆದರೆ ಕೊಂಡಿ ಬಿದ್ದ ಹತ್ತಿಯ ಬಲ ಕುಗ್ಗುತ್ತದೆ, ಅಂಚು ಬೇಗ ಸವೆಯುತ್ತದೆ. ಪ್ರವಾಸಕ್ಕೆ ಒಂದೆರಡು ಇರಲಿ, ಬದುಕಿಗೆಲ್ಲ ಬೇಡ.

ಇನ್ನು ಹಡಗಿನ ತಯಾರಿ. ಹೊರಡುವ ಮುನ್ನ ಹತ್ತಿ ಸೀರೆಗಳಿಗೆ ಗಂಜಿ ಹಾಕಬೇಡಿ. ಗಂಜಿ ಕುಡಿದ ಬಟ್ಟೆಯಲ್ಲಿ ಬಿದ್ದ ಮಡಿಕೆ ಗೆರೆ ಕೊರೆದ ಹಾಗೆ ಕಾಣುತ್ತದೆ. ಪೆಟ್ಟಿಗೆಯಲ್ಲಿ ಬಟ್ಟೆ ಅಲುಗದಂತಿರಲಿ. ಅರ್ಧ ಖಾಲಿ ಪೆಟ್ಟಿಗೆಯೊಳಗೆ ಜಾರಾಡಿದ ಬಟ್ಟೆಯೇ ಹೆಚ್ಚು ಹಾಳಾಗುವುದು. ಕ್ಯಾಬಿನ್ ಸೇರಿದ ಕೂಡಲೇ, ಸಮುದ್ರ ನೋಡಲು ಓಡುವ ಮುಂಚೆ, ಎಲ್ಲವನ್ನೂ ನೇತುಹಾಕಿ. ಗೋಡೆಗಳು ಸಾಮಾನ್ಯವಾಗಿ ಉಕ್ಕಿನವು, ಮನೆಯಿಂದ ಅಯಸ್ಕಾಂತದ ಕೊಕ್ಕೆಗಳನ್ನು ಒಯ್ದರೆ ಗಟ್ಟಿಯಾಗಿ ಹಿಡಿಯುತ್ತವೆ. ಹತ್ತಿ ಅಂಗಿ ಮುದುಡಿದ್ದರೆ ಸ್ನಾನ ಮಾಡುವಾಗ ಬಚ್ಚಲಲ್ಲಿ ತೂಗುಹಾಕಿ, ಬಿಸಿನೀರಿನ ಹಬೆ ತಾಗಲಿ. ಆಮೇಲೆ ಒದ್ದೆ ಅಂಗೈಯಿಂದ ಮೇಲಿನಿಂದ ಕೆಳಕ್ಕೆ ನೀವಿ, ಅಂಚು ಹಿಡಿದು ಎಳೆದು, ಎಸಿ ಇರುವ ಕೋಣೆಯಲ್ಲಿ ಬಿಡಿ. ಎಸಿಯ ಒಣಗಾಳಿ ನಮ್ಮ ಬಯಲುಸೀಮೆಯ ಗಾಳಿಯ ಕೆಲಸ ಮಾಡುತ್ತದೆ.

ಪ್ಯಾಂಟಿನ ಗೆರೆ ಬೇಕೆಂದರೆ ಹಾಸಿಗೆಯ ಕೆಳಗೆ ನೀಟಾಗಿ ಹರಡಿ ಮೇಲೆ ಮಲಗುವುದು. ಇದನ್ನು ನಮ್ಮ ಹಾಸ್ಟೆಲುಗಳಲ್ಲಿ ಓದಿದ ಯಾವ ಹುಡುಗನಿಗೂ ಹೇಳಬೇಕಾಗಿಲ್ಲ. ಇನ್ನೂ ಹಿಂದಿನವರು ಹಿತ್ತಾಳೆ ತಂಬಿಗೆಗೆ ಕೆಂಡ ತುಂಬಿ ಅದರ ತಳದಿಂದ ಅಂಗಿ ಉಜ್ಜುತ್ತಿದ್ದರು. ಹಡಗಿನಲ್ಲಿ ಕೆಂಡದ ಮಾತಿಲ್ಲ, ಚಹಾಕ್ಕೆ ಕೊಡುವ ಬಿಸಿನೀರು ಇದ್ದೇ ಇದೆ. ಚಪ್ಪಟೆ ತಳದ ಸ್ಟೀಲ್ ಚೊಂಬಿಗೆ ಅದನ್ನು ಮುಕ್ಕಾಲು ತುಂಬಿ, ಹಿಡಿಯಲು ಒಂದು ಕರವಸ್ತ್ರ ಸುತ್ತಿಕೊಂಡು, ತುಸು ತೇವ ಮಾಡಿದ ಕಾಲರಿನ ಮೇಲೆ ಆಡಿಸಿದರೆ ಕಾಲರು ಮಲಗುತ್ತದೆ. ಹಡಗು ಓಲಾಡುತ್ತಿದ್ದರೆ ಈ ಕೆಲಸ ಬೇಡ.

ಅಕ್ಕ ಕೊನೆಗೆ ಒಂದು ರೇಷ್ಮೆ ಸೀರೆ, ಎರಡು ಮೆತ್ತನೆಯ ಹತ್ತಿ ಸೀರೆ, ಒಂದು ಶಾಲು ಎಂದು ತೀರ್ಮಾನಿಸಿದ್ದಾಳೆ. ಊರಿಗೆ ಮರಳಿದ ಮೇಲೆ ಹತ್ತಿಯವನ್ನು ಮರುದಿನವೇ ಸಿಹಿನೀರಿನಲ್ಲಿ ಜಾಲಿಸಬೇಕೆಂದು ಹೇಳಿದ್ದೇನೆ. ಕಡಲಗಾಳಿಯ ಉಪ್ಪು ಎಳೆಗಳಲ್ಲಿ ಕೂತರೆ ಮಳೆಗಾಲದಲ್ಲಿ ತೇವ ಎಳೆದು ಬಟ್ಟೆಯನ್ನು ಜಿಗುಟಾಗಿಸುತ್ತದೆ. ರೇಷ್ಮೆಯನ್ನು ಒಂದು ದಿನ ನೆರಳಲ್ಲಿ ಹರವಿ, ಹಳೆಯ ಮಡಿಕೆ ಬಿಟ್ಟು ಬೇರೆ ಮಡಿಕೆಯಲ್ಲಿ ಒಳಗಿಡಬೇಕು.