ಸೈಕಲ್ ರಿಪೇರಿಯೂ ಒಂದು ವಿದ್ಯೆ

ಸೈಕಲ್ ತುಳಿಯಬಲ್ಲವರು ಊರಿಗೆ ನೂರು ಮಂದಿ ಸಿಗುತ್ತಾರೆ. ಪಂಕ್ಚರ್ ಹಾಕಬಲ್ಲವರು ಒಬ್ಬರೋ ಇಬ್ಬರೋ. ಅವರ ಅಂಗಡಿ ಮುಚ್ಚಿದ ದಿನ ಕೆಟ್ಟ ಸೈಕಲ್ಲುಗಳೆಲ್ಲ ಗೋಡೆಗೊರಗುತ್ತವೆ. ಇದು ನಮ್ಮ ವಿದ್ಯಾಭ್ಯಾಸದ ಒಂದು ಕುಂದೆಂದು ನನ್ನ ಅಭಿಪ್ರಾಯ.

ನಮ್ಮ ಸರ್ಕಾರವು 2006-07ರಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡುವ ಯೋಜನೆಯನ್ನು ಆರಂಭಿಸಿತು. ಮುಂದೆ ನನಗೂ ಒಂದು ದೊರೆಯಿತು. ಅದರಿಂದಾದ ಉಪಕಾರ ಅಲ್ಪವಲ್ಲ. ಆದರೆ ಸೈಕಲ್ಲಿನೊಡನೆ ಅದನ್ನು ನೋಡಿಕೊಳ್ಳುವ ಬಗೆಯನ್ನು ನಮಗೆ ಯಾರೂ ಹೇಳಿಕೊಡಲಿಲ್ಲ. ಒಂದು ಮುಳ್ಳು ಚುಚ್ಚಿತೆಂದರೆ ಸೈಕಲ್ ಕೊಟ್ಟಿಗೆ ಸೇರುತ್ತಿತ್ತು. ಹುಡುಗಿ ಮತ್ತೆ ಮೈಲಿಗಟ್ಟಲೆ ನಡೆಯಬೇಕು, ಇಲ್ಲವೇ ಶಾಲೆ ತಪ್ಪಿಸಬೇಕು.

ಕಲಿಯಲು ಇದು ಕಷ್ಟದ ವಿದ್ಯೆಯೇನಲ್ಲ. ಗಾಳಿ ತುಂಬಿದ ಟ್ಯೂಬನ್ನು ನೀರಿನಲ್ಲಿ ಮುಳುಗಿಸಿದರೆ ತೂತಿದ್ದಲ್ಲಿ ಗುಳ್ಳೆ ಏಳುತ್ತದೆ. ಆ ಜಾಗವನ್ನು ಒರೆಸಿ, ಉಪ್ಪುಕಾಗದದಿಂದ ಉಜ್ಜಿ, ಸೊಲ್ಯೂಷನ್ ಹಚ್ಚಿ, ಅದು ಕೊಂಚ ಒಣಗುವವರೆಗೆ ತಾಳಿ, ಆಮೇಲೆ ಪ್ಯಾಚ್ ಒತ್ತಬೇಕು. ಟಯರಿನ ಒಳಮೈಯಲ್ಲಿ ಉಳಿದ ಮುಳ್ಳನ್ನು ಹುಡುಕಿ ತೆಗೆಯದಿದ್ದರೆ ಮಾಡಿದ ಕೆಲಸವೆಲ್ಲ ವ್ಯರ್ಥ. ಕೆಲವು ಸಂಗತಿಗಳನ್ನು ಮಾತ್ರ ಬಲ್ಲವರು ತೋರಿಸಿಕೊಡಬೇಕು. ಎಡಗಡೆಯ ಪೆಡಲು ಉಳಿದ ತಿರುಪುಗಳಂತೆ ಎಡಕ್ಕಲ್ಲ, ಬಲಕ್ಕೆ ತಿರುಗಿಸಿದರೆ ಬಿಚ್ಚುತ್ತದೆ. ತುಳಿಯುವಾಗ ಸಡಿಲವಾಗದಿರಲೆಂದು ಹಾಗೆ ಮಾಡಿದ್ದಾರೆ. ಇದನ್ನರಿಯದವನು ಬಲ ಹಾಕಿದಷ್ಟೂ ಅದು ಬಿಗಿಯುತ್ತದೆ.

ಹೀಗೆ ತೋರಿಸಿಕೊಡಲೆಂದೇ ಪರದೇಶಗಳಲ್ಲಿ ಸಾರ್ವಜನಿಕ ಕಮ್ಮಟಗಳು ಹುಟ್ಟಿವೆ. ಅಮೆರಿಕದ ಲಾಸ್ ಏಂಜಲೀಸಿನಲ್ಲಿ 2002ರಲ್ಲಿ ಒಂದು ಮನೆಯ ಅಡಿಗೆಕೋಣೆಯಲ್ಲಿ ಆರಂಭವಾದ ಕಮ್ಮಟಕ್ಕೆ ‘ಬೈಸಿಕಲ್ ಕಿಚನ್’ ಎಂದೇ ಹೆಸರಾಯಿತು. ಬಂದವರ ಕೈಗೆ ಹತಾರ ಕೊಟ್ಟು, ಪಕ್ಕದಲ್ಲಿ ನಿಂತು, ಅವರಿಂದಲೇ ರಿಪೇರಿ ಮಾಡಿಸುವುದು ಅಲ್ಲಿಯ ಪದ್ಧತಿ. ನಮ್ಮಲ್ಲೇಕೆ ಆಗಬಾರದು? ಸೈಕಲ್ ಸ್ಟ್ಯಾಂಡಿನ ಒಂದು ಮೂಲೆ, ಒಂದು ಪಂಪು, ನಾಲ್ಕು ಸ್ಪ್ಯಾನರು, ಒಂದು ಬೋಗುಣಿ ನೀರು, ಶನಿವಾರದ ಎರಡು ಗಂಟೆ, ಇಷ್ಟಿದ್ದರೆ ಸಾಕು. ಶುಲ್ಕ ಬೇಡ, ಊರಿನ ಮಕ್ಕಳಿಗೂ ಬಾಗಿಲು ತೆರೆದಿರಲಿ.

ಇದರಿಂದ ಅಂಗಡಿಯವರ ಅನ್ನಕ್ಕೆ ಕುತ್ತು ಬಾರದೇ ಎಂದು ಕೆಲವರು ಕೇಳಬಹುದು. ಸೊಟ್ಟಗಾದ ಚಕ್ರದ ಕಡ್ಡಿ ಬಿಗಿದು ನೇರ ಮಾಡುವುದು ಪಳಗಿದ ಕೈಯ ಕೆಲಸ. ಅದು ಅವರಲ್ಲಿಗೇ ಹೋಗುತ್ತದೆ. ಕೊಟ್ಟಿಗೆ ಸೇರಿದ ಸೈಕಲ್ಲಿನಿಂದ ಅವರಿಗೆ ಒಂದು ಕಾಸೂ ಹುಟ್ಟದು. ಅವರನ್ನೇ ಸಂಭಾವನೆ ಕೊಟ್ಟು ಗುರುಗಳಾಗಿ ಕರೆಯೋಣ.

ನನ್ನಂತೆ ಮನೆತನದಲ್ಲೇ ಮೊದಲು ಪದವಿ ಮೆಟ್ಟಿಲು ಹತ್ತಿದವರು ಈ ಕಾಲೇಜಿನಲ್ಲಿ ಬಹಳ ಮಂದಿ ಇದ್ದಾರೆ. ಓದಿದ ಮಕ್ಕಳು ಕೈ ಮಸಿ ಮಾಡಿಕೊಳ್ಳಬಾರದೆಂಬುದು ನಮ್ಮ ಹಿರಿಯರ ಆಸೆ. ದುಡಿದು ದಣಿದವರ ಆ ಆಸೆಯನ್ನು ನಾನು ಗೌರವಿಸುತ್ತೇನೆ. ಆದರೆ ಅವರ ಕೈಗೆ ತಿಳಿದಿದ್ದುದನ್ನು ಕಳೆದುಕೊಂಡು ಪಡೆದ ಪದವಿಯನ್ನು ಪೂರ್ಣ ಲಾಭವೆಂದು ಒಪ್ಪಲಾರೆ. ನಾವು ಈ ವರ್ಷ ಹೊರಟುಹೋಗುವವರು. ಮುಂದಿನ ವಿದ್ಯಾರ್ಥಿ ಸಂಘದವರು ಈ ಕೆಲಸವನ್ನು ಕೈಗೆತ್ತಿಕೊಳ್ಳಲೆಂದು ನನ್ನ ವಿನಂತಿ.